ಮೊದಲೇ ಸತ್ತು ಬದುಕಿದ ಯಂತ್ರ

ನಮ್ಮ ಬರಾಓನ ಊರಿನ ಬಂಧುಗಳೇ, ಈ ಆಸ್ಪತ್ರೆಯ ಡಾಕ್ಟರುಗಳೇ, ದಾದಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಯೊಕಾಸ್ತಾ ಅವರ ತಾಯಿ ದೋನ್ಯಾ ಎನೆಡಿನಾ ಅವರೇ, ಪತಿ ಆಪೊಲಿನಾರ್ ಅವರೇ — ಎಲ್ಲರಿಗೂ ನನ್ನ ನಮಸ್ಕಾರ. ಹಿಂದೆ ಕುಳಿತು ಗಲಾಟೆ ಮಾಡುತ್ತಿರುವ ಮಕ್ಕಳಿಗೂ ನಮಸ್ಕಾರ. ತಾಯಂದಿರೇ, ದಯವಿಟ್ಟು ಅವರ ಬಾಯಿ ಮುಚ್ಚಿಸಬೇಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ನಾನು ಲಿಸಾಂದ್ರೊ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ನೀರಿನಲ್ಲಿ ಗುಳ್ಳೆಯೆಬ್ಬಿಸುತ್ತಾ ಉಸಿರು ಕೊಡುವ ನಮ್ಮ 'ಗುಳ್ಳೆ' ಯಂತ್ರವನ್ನು ರೂಪಿಸಿದವನು. ಯಂತ್ರ ನನ್ನದು, ನಿಜ. ಆದರೆ ಅದು ನನ್ನ ಮೇಜಿನಿಂದ ಇಳಿದು ನಿಮ್ಮ ಮಕ್ಕಳ ತೊಟ್ಟಿಲವರೆಗೆ ನಡೆದು ಬಂತಲ್ಲ — ಆ ನಡಿಗೆ ಪೂರ್ತಿ ಯೊಕಾಸ್ತಾ ಪೊಲಾಂಕೊ ಅವರದು. ನಮ್ಮ ಯೋಜನೆಯ ಮೇಲ್ವಿಚಾರಕಿ ಅವರು. ನಮ್ಮೆಲ್ಲರ ಮೇಲ್ವಿಚಾರಕಿ ಎಂದರೂ ಸರಿಯೇ.

ಯೊಕಾಸ್ತಾ ತೀರಿಕೊಂಡು ಇಂದಿಗೆ ಒಂಬತ್ತನೇ ದಿನ. ಪ್ರಾರ್ಥನೆ ಮುಗಿದಿದೆ, ಸತ್ತವರನ್ನು ಕಳಿಸುವ ಶುಂಠಿ ಕಷಾಯ ಕುಡಿದಾಗಿದೆ. ಅಳುವುದಿದ್ದರೆ ಮನೆಗೆ ಹೋಗಿ ಅಳೋಣ. ಇಲ್ಲಿ ಅತ್ತರೆ ಆಕೆಗೆ ಸಿಟ್ಟು ಬರುತ್ತದೆ.

ಮೊದಲು ಸೇತುವೆ ಕಟ್ಟಿಸುತ್ತಿದ್ದ ಯೊಕಾಸ್ತಾ, ಯಂತ್ರ ತಯಾರಾಗುತ್ತಿದ್ದ ನಮ್ಮ ಶೆಡ್ಡಿಗೆ ಬಂದರು. ಬಂದ ಮೊದಲ ದಿನ ಏನು ಮಾಡಿದರು ಗೊತ್ತೇ? ನನ್ನ ಯಂತ್ರವನ್ನು ಮೇಜಿನ ಮೇಲೆ ಮಲಗಿಸಿದರು. ಬಿಳಿ ಬಟ್ಟೆ — ಹೀಗೆ, ತಲೆಯಿಂದ ಕಾಲಿನವರೆಗೆ — ಹೊದಿಸಿದರು. ಮೋಂಬತ್ತಿ ಹಚ್ಚಿದರು. ಎಲ್ಲರ ಕೈಗೂ ಶುಂಠಿ ಕಷಾಯ ಕೊಟ್ಟು, "ಪಾಪ, ಸತ್ತುಹೋಯ್ತು. ಯಾಕೆ ಸತ್ತಿತು, ಒಬ್ಬೊಬ್ಬರೇ ಹೇಳಿ," ಅಂದರು.

ನನಗೆ ಮೈ ಉರಿದುಹೋಯಿತು. "ದೋನ್ಯಾ ಯೊಕಾಸ್ತಾ, ಇದಿನ್ನೂ ಹುಟ್ಟೇ ಇಲ್ಲ," ಎಂದೆ.

"ಅದಕ್ಕೇ ಈಗ ಕೇಳ್ತಿರೋದು, ಮಗಾ. ನಿಜವಾಗಿ ಸತ್ತ ಮೇಲೆ ಕೇಳಿದ್ರೆ ಎಲ್ರೂ ಒಳ್ಳೇ ಮಾತೇ ಆಡ್ತಾರೆ."

ನೋಡಿ, ಈಗ ನಾನು ಮಾಡುತ್ತಿರುವುದೂ ಅದನ್ನೇ.

ಒಬ್ಬರು, ಇರುವೆ ನುಗ್ಗಿ ಸತ್ತಿತು ಎಂದರು. ಇನ್ನೊಬ್ಬರು, ಹಾಳಾದೀತೆಂಬ ಭಯಕ್ಕೆ ದಾದಿಯರು ಬೀರುವಿನಲ್ಲಿಟ್ಟು ಬೀಗ ಹಾಕಿದರು, ಅಲ್ಲೇ ಸತ್ತಿತು ಎಂದರು. ದಾದಿಯರೇ, ನಗಬೇಡಿ, ನೀವು ಹಾಗೆ ಮಾಡುವವರೇ. ನನ್ನ ಸರದಿ ಬಂದಾಗ ನಾನು ಎದೆಯುಬ್ಬಿಸಿ ಹೇಳಿದೆ: "ಇದು ಸಾಯಲ್ಲ. ಕರೆಂಟ್ ಹೋದ್ರೂ ಬ್ಯಾಟರಿ ಇದೆ."

ಆಕೆ ಲೋಟ ಕೆಳಗಿಟ್ಟರು. "ಕರೆಂಟ್ ಹೋದಾಗ ಸಾಯಲಿಲ್ಲ, ಲಿಸಾಂದ್ರೊ. ಬಂದಾಗ ಸತ್ತಿತು."

ನಮ್ಮೂರಿನಲ್ಲಿ ಅದು ಯಾರಿಗೆ ಗೊತ್ತಿಲ್ಲ? ಕರೆಂಟ್ ಹೋದ ತಕ್ಷಣ ನಮ್ಮ ಅಮ್ಮಂದಿರು ಓಡಿಹೋಗಿ ಫ್ರಿಜ್ಜಿನ ಪ್ಲಗ್ ಕೀಳುತ್ತಾರೆ. ಬಂದಾಗ ಬೀದಿಗೆ ಬೀದಿಯೇ "ಕರೆಂಟ್ ಬಂತು" ಎಂದು ಚಪ್ಪಾಳೆ ತಟ್ಟುತ್ತದೆ, ಆ ಚಪ್ಪಾಳೆಯ ನಡುವೆಯೇ ಕರೆಂಟು ಗೂಳಿಯ ಹಾಗೆ ನುಗ್ಗಿ ಯಾರದೋ ಟಿ.ವಿ.ಯನ್ನು ಸುಟ್ಟಿರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಯಂತ್ರ ಸುಟ್ಟ ಆ ನಿಮಿಷದಲ್ಲಿ ಅದಕ್ಕೆ ಒಂದು ಕೂಸು ಅಂಟಿಕೊಂಡಿದ್ದರೆ?

"ಹಾಗಾದ್ರೆ ಏನ್ ಮಾಡ್ಬೇಕು?" ಎಂದೆ.

"ಬಿಟ್ಟುಹೋದವನು ವಾಪಸ್ ಬಂದ ಅಂತ ಕುಣೀತಾ ಬಾಗಿಲು ತೆಗೀಬಾರ್ದು. ಸ್ವಲ್ಪ ಹೊತ್ತು ಹೊರಗೆ ನಿಲ್ಲಲಿ. ನೆಟ್ಟಗೆ ನಿಂತಿದಾನಾ, ತೂರಾಡ್ತಿದಾನಾ ನೋಡ್ಬೇಕು. ಆಮೇಲೆ ಒಳಗೆ ಬಿಡೋದು."

ಆಪೊಲಿನಾರ್ ಅವರೇ, ನೀವು ನಗುತ್ತಿದ್ದೀರಿ. ಮನೆ ಬಿಟ್ಟು ಪೋರ್ಟೊರಿಕೊಗೆ ಹೋಗಿ ಬಂದಾಗ ಜಗಲಿಯ ಮೇಲೆ ಪೆಟ್ಟಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದಿರಿ ಎಂದು ನೀವೇ ನನಗೆ ಹೇಳಿದ್ದೀರಿ. ನಮ್ಮ ಯಂತ್ರವೂ ಅದನ್ನೇ ಕಲಿಯಬೇಕಾಯಿತು. ಕರೆಂಟ್ ಬಂದರೂ ಅದು ನಂಬುವುದಿಲ್ಲ. ಬ್ಯಾಟರಿಯ ಮೇಲೇ ಉಸಿರಾಡುತ್ತಾ ಕಾಯುತ್ತದೆ.

ಅದನ್ನು ಕಲಿಸಲು ಸಮಯ ಬೇಕಿತ್ತು. ಸರ್ಕಾರದ ಸಮಿತಿ ಪರೀಕ್ಷೆಗೆ ಬರುವ ದಿನವೋ ನಿಗದಿಯಾಗಿಬಿಟ್ಟಿತ್ತು. ಯೊಕಾಸ್ತಾ ಅದನ್ನೇ ಮುಂದೂಡಿಸಿದರು. ಆಗಿನ ನಿರ್ದೇಶಕರು ಎವರಿಸ್ತೊ ಅವರು ಕೂಗಾಡಿದರು: "ನಿಂಗೇನು ತಲೆ ಕೆಟ್ಟಿದ್ಯಾ? ಅವರು ಮತ್ತೆ ಬರೋದು ಒಂದೇ ಸಲ. ಫೇಲಾದ್ರೆ ಶೆಡ್ಡಿಗೆ ಬೀಗ, ನಿನಗೆ ಮನೆ."

"ಆಗ್ಲಿ ಯಜಮಾನ್ರೇ. ಕೂಸಿಗೆ ಹೆಣದ ಪೆಟ್ಟಿಗೆ ಆಗೋದಕ್ಕಿಂತ ಶೆಡ್ಡಿಗೆ ಬೀಗ ಆಗೋದು ಮೇಲು."

ಸಮಿತಿ ಬಂತು. ಈ ಕೋಣೆಗೇ. ಅಧ್ಯಕ್ಷೆ ಡಾಕ್ಟರ್ ಸುನಿಲ್ದಾ, ಮುಖದ ಗಂಟು ಬಿಚ್ಚದ ಹೆಂಗಸು. ಯಂತ್ರಕ್ಕೆ ರಬ್ಬರ್ ಕೂಸೊಂದನ್ನು ಜೋಡಿಸಿದ್ದೆವು. ಮಾತು ಶುರುವಾಗುತ್ತಿದ್ದಂತೆ — ಇನ್ನೇನು — ಕರೆಂಟ್ ಹೋಯಿತು. ಗುಳ್ಳೆಗಳು ಮಾತ್ರ ಗುಳುಗುಳು ಎನ್ನುತ್ತಲೇ ಇದ್ದವು. ಎವರಿಸ್ತೊ ಮೀಸೆ ತಿರುವಿದರು. ಯೊಕಾಸ್ತಾ ನನ್ನ ಕಿವಿಯಲ್ಲಿ, "ಈಗಲ್ಲ ಮಗಾ, ಆಮೇಲೆ," ಅಂದರು.

ಕರೆಂಟ್ ಬಂತು. ಬೀದಿ ಚಪ್ಪಾಳೆ ತಟ್ಟಿತು. ಸಮಿತಿಯವರೂ ತಟ್ಟಿದರು, ಅವರೂ ಇದೇ ದೇಶದವರಲ್ಲವೇ. ಅಷ್ಟರಲ್ಲಿ — ಢಬ್. ಏಸಿಯಿಂದ ಹೊಗೆ. ಪ್ರೊಜೆಕ್ಟರ್ ಕಪ್ಪು. ಕಾಫಿ ಯಂತ್ರ ಒಮ್ಮೆ ಸೀನಿ ಸುಮ್ಮನಾಯಿತು. ಇಡೀ ಕೋಣೆಯಲ್ಲಿ ಉಸಿರಾಡುತ್ತಿದ್ದದ್ದು ಒಂದೇ — ಗುಳು, ಗುಳು, ಗುಳು.

ಡಾಕ್ಟರ್ ಸುನಿಲ್ದಾ ಎದ್ದು ಬಂದು ಯಂತ್ರಕ್ಕೆ ಕಿವಿಯಿಟ್ಟರು. "ಎಲ್ಲಾ ಸತ್ತುಹೋಯ್ತು. ಇದ್ಯಾಕೆ ಸಾಯಲಿಲ್ಲ?"

"ಇದು ಮೊದಲೇ ಸತ್ತಿದೆ, ಡಾಕ್ಟರ್," ಎಂದರು ಯೊಕಾಸ್ತಾ. "ನಾವು ಕಷಾಯ ಕುಡಿದು ಕಳಿಸಿಯೂ ಆಗಿದೆ. ಇನ್ನು ಅದೇ ಸಾವು ಮತ್ತೆ ಬರಲ್ಲ."

ಡಾಕ್ಟರ್ ಸುನಿಲ್ದಾ ನಕ್ಕರು. ನಿಂತಲ್ಲೇ ಸಹಿ ಹಾಕಿದರು. ಬಂಧುಗಳೇ, ನಾವು ಗೆದ್ದೆವು. ಹೆಮ್ಮೆಯಿಂದ ಹೇಳುತ್ತೇನೆ, ಗೆದ್ದೆವು. ಇವತ್ತು ಗಡಿಯಾಚೆ ಹೈಟಿಯ ಆಸ್ಪತ್ರೆಗಳಲ್ಲೂ ಈ ಗುಳ್ಳೆ ಏಳುತ್ತಿದೆ. ಹಿಂದಿನ ಸಾಲಿನಲ್ಲಿ ಕುರ್ಚಿ ಬೀಳಿಸುತ್ತಿರುವ ಆ ಮಕ್ಕಳು — ಅಷ್ಟೂ ಮಂದಿ ಒಂದು ಕಾಲಕ್ಕೆ ಆ ಗುಳ್ಳೆಯಿಂದ ಉಸಿರಾಡಿದವರು. ಅವರ ಗಂಟಲು ಇಷ್ಟು ಜೋರಾಗಿರುವುದಕ್ಕೆ ಯೊಕಾಸ್ತಾ ಕಾರಣ. ಕೂಗಲಿ ಬಿಡಿ.

ದೋನ್ಯಾ ಎನೆಡಿನಾ, ನಿಮ್ಮ ಮಗಳಿಲ್ಲದೆ ನನಗೆ ಕಷ್ಟವಾಗುತ್ತಿದೆ. ತುಂಬಾ ಕಷ್ಟವಾಗುತ್ತಿದೆ. ಆದರೆ ನಾಳೆ ಬೆಳಿಗ್ಗೆ ಶೆಡ್ಡಿನಲ್ಲಿ ಹೊಸ ಯಂತ್ರವೊಂದಕ್ಕೆ ಬಿಳಿ ಬಟ್ಟೆ ಹೊದಿಸುತ್ತೇವೆ. ಮೋಂಬತ್ತಿ ನಾನು ಹಚ್ಚುತ್ತೇನೆ. ಕಷಾಯ ನೀವು ಕಾಯಿಸಿಕೊಡಬೇಕು.

ಈಗ ಎಲ್ಲರೂ ಎದ್ದು ನಿಲ್ಲಿ. ಮೌನವಾಗಿರೋಣ. ನಡುವೆ ಕರೆಂಟ್ ಹೋದರೆ ಯಾರೂ ಕದಲಬೇಡಿ. ಮತ್ತೆ ಬಂದರೆ ಯಾರೂ ಚಪ್ಪಾಳೆ ತಟ್ಟಬೇಡಿ — ಸ್ವಲ್ಪ ಹೊತ್ತು ಹೊರಗೇ ನಿಲ್ಲಲಿ. ಈ ಗೋಡೆಯ ಆಚೆ ಶಿಶುಗಳ ವಾರ್ಡಿದೆ, ಬಾಗಿಲು ತೆಗೆದಿಟ್ಟಿದ್ದೇನೆ. ಕಿವಿಗೊಟ್ಟು ಕೇಳಿ.