ಬೀಗ ಹಾಕಿದ ಕೋಣೆ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ನಲವತ್ತು. ಸಾಲಕ್ಕಾಗಿ ಮನೆಗಳ ಬೆಲೆ ಕಟ್ಟುವ ಎಂಜಿನಿಯರು ಬ್ಯಾಂಕಿನ ಬೆಂಚಿನಲ್ಲಿ ಕೂತಿದ್ದಾಗ ಬೆನ್ನ ಹಿಂದಿನಿಂದ ಮಾತು ಕೇಳಿಸಿತು. ಅಕ್ಕ, ತಮ್ಮ, ಹೋದ ವಾರ ಅವನೇ ಅಳೆದು ಬಂದ ಮನೆಯವರು. ಅವನು ತಿರುಗಲಿಲ್ಲ.

“ಆ ಎಂಜಿನಿಯರ್ ಮಹಾನುಭಾವ ನಮ್ಮಪ್ಪನ ರೂಮನ್ನೇ ನುಂಗಿಬಿಟ್ಟಿದಾನೆ! ‘ಸ್ಟೋರು, ಬೀಗ ಹಾಕಿತ್ತು’ ಅಂತ ಬರೆದು ಬೆಲೆ ಇಳಿಸಿದಾನೆ.”

“ಬೀಗ ಹಾಕಿದ್ದು ನಾನೇ ಕಣೋ.”

“ಯಾಕಕ್ಕಾ?”

“ಅಪ್ಪನ ಹಾಸಿಗೆ ವಾಸನೆಗೆ ಅಳೆಯೋಕೆ ಬಂದೋರು ಮೂಗು ಮುಚ್ಕೊಂಡ್ರೆ? ಯಾವುದಕ್ಕೆ ಎಷ್ಟು ಕಳೀತಾರೆ ಅಂತ ಯಾರಿಗೆ ಗೊತ್ತು?”

“ಅಪ್ಪನ್ನ ಎಲ್ಲಿಗೆ ಕಳಿಸಿದ್ದೆ?”

“ಏಳಕ್ಕೇ ಆಗದೋರನ್ನ ಎಲ್ಲಿಗೆ ಕಳಿಸ್ಲಿ? ಒಳಗೇ ಇದ್ರು.”

“ಕೆಮ್ಮಲಿಲ್ವಾ?”

“ಬಾಯಿಗೆ ಟವೆಲ್ ಒತ್ಕೊಂಡಿದ್ರು. ಕೊಟ್ಟೋಳೂ ನಾನೇ.”

ತಮ್ಮ ಎದ್ದ ಸದ್ದಾಯಿತು.

“ಏಳು, ಮನೆಗೆ ಹೋಗೋಣ.”

“ಮತ್ತೆ ಅಳೆಯೋಕೆ ಅರ್ಜಿ?”

“ಮೊದಲು ಅಪ್ಪನ ಮುಖ ನೋಡೋಣ ಬಾ.”

ಇಬ್ಬರೂ ಮೆಟ್ಟಿಲಿಳಿದು ಹೋದರು. ಅಳೆಯಲು ಹೋದ ದಿನ ಆ ಬೀಗದ ಬಾಗಿಲ ಹಿಂದೆ ಎರಡು ಸಲ ಕೆಮ್ಮಿದ್ದು ಎಂಜಿನಿಯರಿಗೆ ಕೇಳಿಸಿತ್ತು. ಕೇಳಿಸದವನಂತೆ ಅವನು ಟೇಪು ಸುತ್ತಿಕೊಂಡು, ‘ಸ್ಟೋರು’ ಎಂದು ಬರೆದಿದ್ದ. ಈಗ ಚೀಲದಿಂದ ಮನೆಯ ನಕ್ಷೆ ತೆಗೆದು ನೋಡಿದ. ಕೋಣೆ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ: ತೊಂಬತ್ತಾರು ಚದರ ಅಡಿ, ಒಬ್ಬ ಮನುಷ್ಯ ಮಲಗುವಷ್ಟು ಜಾಗ.