ಕುರ್ಚಿ ಸರಿಸಿದವಳು

ಬಿಳಿ ಚೀಟಿ ಕಣೇ! ನನ್ನ ಒಂದೊಂದು ಸಾಲಿನ ಮೇಲೂ ಒಂದೊಂದು ಬಿಳಿ ಚೀಟಿ ಇಟ್ಟು ಮುಚ್ಚಿಬಿಟ್ಲು ಆ ಹೊಸ ಸಂಪಾದಕಿ! ಮೊದಲ ಪುಟದಿಂದ ಕೊನೇ ಪುಟದ ತನಕ ತಿರುವಿ ನೋಡಿ, 'ಕಥೆ ಅರ್ಥ ಆಗುತ್ತಲ್ಲ ಮೇಡಂ, ಮಾತು ಯಾಕೆ?' ಅಂದ್ಲು. ನನಗೆ! ಹತ್ತೊಂಬತ್ತು ವರ್ಷದಿಂದ ಮಕ್ಕಳ ಪುಸ್ತಕ ಬರೀತಿರೋ ನನಗೆ!... ಯಾಕೆ ನಗ್ತೀಯ? ನಗ್ಲಿಲ್ವಾ? ಭುಜ ಅಲ್ಲಾಡ್ತಲ್ಲ. ಸರಿ, ನೀನು ಬ್ರಷ್ ತೊಳೀತಿದ್ದೆ. ತೊಳಿ, ತೊಳಿ.

ನೀರು ಕೊಡು ಮೊದಲು. ಆ ಲೋಟದಲ್ಲಿ ಬೇಡ, ಅದರಲ್ಲಿ ನೀನು ಬಣ್ಣ ಕಲಸಿರ್ತೀಯ. ಹೋದ ವಾರ ನಾನು ಅರ್ಧ ಲೋಟ ನೀಲಿ ಕುಡಿದೆ.

ಆ ಕನ್ನಡಕದಮ್ಮನ ಮೇಲೆ ನನಗೆ ಮೊದಲಿಂದಲೂ ಅನುಮಾನ, ಪುಟ್ಟಿ. ಹಳೇ ಸಂಪಾದಕರಿದ್ದಾಗ ಹೀಗಿತ್ತಾ? ಹೋಗ್ತಿದ್ದೆ, ಕಥೆ ಹೇಳ್ತಿದ್ದೆ, ಅವರು ಕಣ್ಣು ಮುಚ್ಕೊಂಡು ಕೇಳಿ 'ತಂಗಿ ಕೈಲಿ ಚಿತ್ರ ಮಾಡಿಸಿ ತಂದ್ಬಿಡಿ' ಅಂತಿದ್ರು. ಮುಗೀತು. ಇವಳು ಬಂದು ಆರು ತಿಂಗಳಾಗಿಲ್ಲ, ಎಲ್ಲಾ ಹೊಸ ಶಾಸ್ತ್ರ. ಬಾಯಲ್ಲಿ ಹೇಳಬಾರದಂತೆ. ಹಾಳೆ ಮಡಚಿ, ಪಿನ್ ಹೊಡೆದು, ಚಿತ್ರ ಗೀಚಿ, ಡಮ್ಮಿ ಪುಸ್ತಕ ಮಾಡಿ ತರಬೇಕಂತೆ. ಆಮೇಲೆ ಒಳಗೆ ಕೂರಿಸ್ಕೊಂಡು ಅಭಿಪ್ರಾಯ ಹೇಳ್ತಾಳಂತೆ. ಬಾಗಿಲು ಹಾಕ್ಕೊಂಡು! ಅಭಿಪ್ರಾಯ ಹೇಳೋಕೆ ಬಾಗಿಲು ಯಾಕೆ ಹಾಕಬೇಕು? ಹೊರಗೆ ಕಂಪ್ಯೂಟರ್ ಮುಂದೆ ಪುಟ ಜೋಡಿಸೋನು ಕೂತಿದ್ದ. ನಾನು ಹತ್ತಿರ ಹೋಗ್ತಿದ್ದ ಹಾಗೇ ಪರದೆ ಮೇಲಿದ್ದದ್ದನ್ನ ಟಕ್ ಅಂತ ಮುಚ್ಚಿದ. ಏನಿತ್ತು ಅಂತೀಯ ಅಲ್ಲಿ?... ಇಸ್ಪೀಟಾಟ ಇರಬಹುದಾ? ನಿನಗೆಲ್ಲಾ ತಮಾಷೆ.

ಮೂರು ಡಮ್ಮಿ ತಗೊಂಡು ಹೋಗಿದ್ನಲ್ಲ, ಮೊದಲನೇದು ಒಂಟೆ ಬಿಕ್ಕಳಿಕೆ. 'ಒಂಟೆ ಬಿಕ್ಕಳಿಸೋದು ಚಿತ್ರದಲ್ಲೇ ಕಾಣುತ್ತೆ. ಕೆಳಗೆ ಮತ್ತೆ ಒಂಟೆ ಬಿಕ್ಕಳಿಸಿತು ಅಂತ ಬರೆದಿದ್ದೀರಲ್ಲ' ಅಂತಾಳೆ. ಬರೀದೆ? ಮಗು ಅದು ಆಕಳಿಸ್ತಿದೆ ಅಂದ್ಕೊಂಡ್ರೆ?... ಅಂದ್ಕೊಳ್ಳಲ್ವಾ? ತಲೆ ಆಡಿಸ್ತೀಯಲ್ಲ, ನೀನು ಯಾರ ಕಡೆ?

ಎರಡನೇದು, ತಾನೇ ಗುಡಿಸೋ ಪೊರಕೆ. ಅದಕ್ಕೇನಂದ್ಲು ಗೊತ್ತಾ? 'ಇದು ಮಕ್ಕಳ ಆಸೆ ಅಲ್ಲ ಮೇಡಂ, ಗುಡಿಸಿ ಗುಡಿಸಿ ಸಾಕಾದ ದೊಡ್ಡವರ ಆಸೆ.' ನನಗೆ ಜುಮ್ ಅಂತು. ನಮ್ಮನೆ ವಿಷಯ ಅವಳಿಗೆ ಹೇಗೆ ಗೊತ್ತು? ನೀನೇನಾದ್ರೂ ಫೋನ್ ಗೀನ್ ಮಾಡಿದ್ಯಾ?... ಹೌದಮ್ಮಾ, ಗುಡಿಸೋದು ನೀನೇ. ಆದ್ರೆ ಧೂಳು ನೋಡಿ ಸಾಕಾಗೋದು ನನಗೆ ತಾನೇ?

ಮೂರನೇದಾ? ನೀನು ಕೇಳ್ಲಿಲ್ಲ, ನಾನೇ ಹೇಳ್ತೀನಿ. ನಿನ್ನದು, ಆ ಮಾತಿಲ್ಲದ್ದು... ತೆಗೀಲೇ ಇಲ್ಲ. ಬ್ಯಾಗಲ್ಲೇ ಉಳೀತು. ಹೊತ್ತಾಗೋಗಿತ್ತು, ಅವಳಿಗೆ ಬೇರೆ ಯಾರೋ ಬರೋರಿದ್ರು. ಮುಂದಿನ ಸಲ ನೋಡೋಣ. ಒಂದಕ್ಷರ ಇಲ್ಲದ ಪುಸ್ತಕ ಯಾರು ಅಚ್ಚು ಹಾಕ್ತಾರೆ ಹೇಳು? ಅಮ್ಮಂದಿರು ಮಗೂನ ಮಡಿಲಲ್ಲಿ ಕೂರಿಸ್ಕೊಂಡು ಏನು ಓದ್ತಾರೆ, ಗೋಡೆನಾ?... ಬೇಜಾರಾಯ್ತಾ? ಬೇಜಾರ್ ಮಾಡ್ಕೋಬೇಡ. ಒಂದು ವೇಳೆ ಅವಳು ಫೋನ್ ಮಾಡಿದ್ರೆ ಎತ್ತಬೇಡ. ಯಾಕೆ ಅಂದ್ರೆ? ನಮ್ಮಿಬ್ಬರನ್ನ ಬೇರೆ ಮಾಡೋಕೆ ನೋಡ್ತಿದಾಳೆ ಕಣೇ ಅವಳು! ಮುಖಪುಟದ ಮೇಲೆ ನಿನ್ನ ಹೆಸರೂ ಬರಬೇಕಂತೆ. ಒಳಪುಟದಲ್ಲಿ ಇರುತ್ತಲ್ಲ ಅಂದೆ. ಸಣ್ಣಕ್ಷರ ಅಂತೆ. ಸಣ್ಣದಾದ್ರೇನು, ಓದೋಕೆ ಬರುತ್ತಲ್ಲ!

ಅದಿರಲಿ. ಸುಮ್ಮನೆ ಒಂದು ಕೇಳ್ತೀನಿ, ಕುತೂಹಲಕ್ಕೆ. ಆ ಮೂರನೇದರಲ್ಲಿ ಒಂದು ಕೋಣೆ, ಇಬ್ಬರು ಹುಡುಗೀರು, ದೊಡ್ಡವಳು ಚಿಕ್ಕವಳು... ಎಲ್ಲಾ ಪುಟದಲ್ಲೂ ಅದೇ ಕೋಣೆ, ಅಲ್ವಾ? ಆದ್ರೆ ಚಿಕ್ಕವಳ ಕುರ್ಚಿ ಮಾತ್ರ ಪುಟ ತಿರುವಿದ ಹಾಗೆಲ್ಲ ಇಷ್ಟಿಷ್ಟೇ, ಇಷ್ಟಿಷ್ಟೇ ಬಾಗಿಲ ಕಡೆ ಸರಿಯುತ್ತೆ. ಕೊನೇ ಪುಟದಲ್ಲಿ ಬಾಗಿಲು ತೆರೆದಿದೆ, ಕುರ್ಚಿ ಖಾಲಿ. ಎಲ್ಲಿಗೆ ಹೋದ್ಲು ಅವಳು? ಆಟಕ್ಕಾ? ಶಾಲೆಗಾ? ಹೀಗೇ ಕೇಳಿದೆ, ಏನೂ ಇಲ್ಲ.

ಬ್ರಷ್ ಯಾಕೆ ಕೆಳಗಿಟ್ಟೆ?

ಹಾಗೆ ನೋಡಬೇಡ. ಕುರ್ಚಿ ಸರಿಯೋದನ್ನ ನಾನೇ ಕಂಡುಹಿಡಿದೆ. ನೀನು ಕೊಟ್ಟ ದಿನಾನೇ... ಸರಿ, ಕೊಟ್ಟ ದಿನ ಅಲ್ಲ. ಆವತ್ತು ಫರ್ ಅಂತ ಹಾಳೆ ತಿರುವಿ 'ಚೆನ್ನಾಗಿದೆ, ಇಬ್ಬರಿಗೂ ಹೆಸರಿಡೋಣ' ಅಂದು ಬ್ಯಾಗಿಗೆ ಹಾಕಿದೆ. ಅರ್ಧ ನಿಮಿಷ ಆಗಿರಬಹುದು. ಆದ್ರೆ ಇವತ್ತು ಬಸ್ಸಲ್ಲಿ ಕೂತು ನೋಡಿದೆ. ಬರೋವಾಗ... ಹೋಗೋವಾಗ! ಹೋಗೋವಾಗ ನೋಡಿದೆ. ಏನೇ ಇದು, ನಾನೇನು ಕಟಕಟೇಲಿ ನಿಂತಿದೀನಾ? ಏನಾದ್ರೂ ಕೇಳು. ಬೈಯಿ. ಹೀಗೆ ಸುಮ್ಮನೆ ಕೂರಬೇಡ. ಚಿಕ್ಕಂದಿನಿಂದ ಇದೇ ನಿನ್ನದು. ಸುಮ್ಮನೆ ಕೂತು ಕೂತು ನನ್ನ ಬಾಯಿಂದ ಎಲ್ಲಾ ಹೊರಡಿಸೋದು.

ಆಯ್ತು. ನೋಡಿದ್ಲು ಅವಳು.

ನಾನು ತೋರಿಸ್ಲಿಲ್ಲ! ಪೊರಕೇನ ಬ್ಯಾಗಿಗೆ ಹಾಕೋವಾಗ ಇದರ ತುದಿ ಕಂಡಿತು, ಅವಳೇ ಎಳ್ಕೊಂಡ್ಲು. ಒಂದು ಸಲ ತಿರುವಿದ್ಲು. ಮತ್ತೆ ಮೊದಲಿಂದ. ಕನ್ನಡಕ ತೆಗೆದು ಒರೆಸಿ ಹಾಕ್ಕೊಂಡು ಮೂರನೇ ಸಲ. ಬಾಗಿಲು ತೆಗೆದು ಆ ಪುಟ ಜೋಡಿಸೋನನ್ನ ಕರೆದ್ಲು. ಅವನೂ ನಿಂತ್ಕೊಂಡೇ ನೋಡಿದ. ಇಬ್ಬರೂ ಮತ್ತೆ ಮೊದಲ ಪುಟಕ್ಕೆ ಹೋದ್ರು. ನನ್ನ ಪುಸ್ತಕಾನ ಯಾರೂ, ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ, ಹಾಗೆ ನೋಡಿಲ್ಲ ಪುಟ್ಟಿ. ಹೊಟ್ಟೆ ಉರೀತು. ಹೇಳ್ತೀನಿ, ಮುಚ್ಚುಮರೆ ಯಾಕೆ, ಧಗಧಗ ಉರೀತು.

'ಯಾರ ಯೋಚನೆ ಇದು?' ಅಂದ್ಲು. ನಮ್ಮದು ಅಂದೆ. ನಮ್ಮದು ಅನ್ನೋದು ತಪ್ಪಾ? ಒಂದೇ ಮನೆ, ಒಂದೇ ಮೇಜು... 'ನಮ್ಮದು ಅಂದ್ರೆ?' ಅಂದ್ಲು. ಹೇಗೆ ಕೇಳಿದ್ಲು ಅಂತೀಯ, ಕಳ್ಳರನ್ನ ಕೇಳೋ ಹಾಗೆ. ನನ್ನದು ಅಂದೆ. ಕಥೆ ನನ್ನದು, ತಂಗಿ ಬರೀ ಕೈ ಆಡಿಸಿದ್ದು ಅಂದೆ. ಬಾಯಿ ತಪ್ಪಿ ಬಂತು...

ಬಾಯಿ ತಪ್ಪಿ ಅಲ್ಲ. ಅಂದೆ.

ಆಗ ಕೇಳಿದ್ಲು. 'ಹಾಗಾದ್ರೆ ಹೇಳಿ ಮೇಡಂ, ಚಿಕ್ಕವಳು ಎಲ್ಲಿಗೆ ಹೋದ್ಲು?' ನನಗೆ ಅವಳು ಹೋದದ್ದೇ ಗೊತ್ತಿರಲಿಲ್ಲ! ಕುರ್ಚಿ ಮೇಲೆ ಬೆರಳಿಟ್ಟು ಒಂದೊಂದೇ ಪುಟ ತಿರುವಿ ತೋರಿಸಿದ್ಲು, ನನಗೇ, ನನ್ನದು ಅಂದ ಪುಸ್ತಕಾನ. ನಾಳೆ ಹೇಳ್ತೀನಿ ಅಂದು, ಡಮ್ಮಿ ಕಿತ್ಕೊಂಡು ಬಂದ್ಬಿಟ್ಟೆ. ನಾಳೆ ಹತ್ತು ಗಂಟೆಗೆ ಎಲ್ಲರೂ ಕೂತು ಈ ವರ್ಷದ ಪುಸ್ತಕ ಆರಿಸ್ತಾರಂತೆ. ಒಂಟೆ ಬೇಡವಂತೆ, ಪೊರಕೆ ಬೇಡವಂತೆ. ಇದೊಂದು ಬೇಕಂತೆ. ಆ ಒಂದು ಉತ್ತರ ಇಲ್ಲದೆ ಹೋದ್ರೆ ನಾನು ಆ ಮೆಟ್ಟಿಲು ಮತ್ತೆ ಹತ್ತೋ ಹಾಗಿಲ್ಲ.

ಬರೋವಾಗ ಬಸ್ಸಲ್ಲಿ ತೆಗೆದೆ. ಬರೋವಾಗಲೇ. ಎಲ್ಲಾ ಪುಟದಲ್ಲೂ ದೊಡ್ಡವಳ ಬಾಯಿ ತೆರೆದಿದೆ. ಹದಿನಾಲ್ಕು ಪುಟ, ಒಂದರಲ್ಲೂ ಮುಚ್ಚಿಲ್ಲ. ಚಿಕ್ಕವಳಿಗೆ ನೀನು ಬಾಯೇ ಬರೆದಿಲ್ಲ. ನಾನಾ ಅದು, ದೊಡ್ಡವಳು? ಬೇಡ, ಹೇಳಬೇಡ. ಅವಳ ಎಡಗಾಲ ಚಪ್ಪಲಿ ಪಟ್ಟಿಗೆ ಸೇಫ್ಟಿ ಪಿನ್ ಇದೆ. ಬಸ್ಸಲ್ಲಿ ಬಗ್ಗಿ ನನ್ನ ಕಾಲು ನೋಡ್ಕೊಂಡೆ.

ಹಾಗಾದ್ರೆ ನೀನು ಹೋಗ್ತಿದೀಯ. ಎಲ್ಲಿಗೆ? ಬೇರೆ ಮನೆ ನೋಡಿದ್ಯಾ? ಬೇರೆ ಯಾರದ್ದೋ ಕಥೆಗೆ ಚಿತ್ರ ಮಾಡೋಕೆ ಒಪ್ಕೊಂಡ್ಯಾ? ಯಾರು ಅವರು? ನನಗೆ ಗೊತ್ತಿರೋರಾ?... ಆ ಕನ್ನಡಕದಮ್ಮನಿಗೋಸ್ಕರ ಕೇಳ್ತಿಲ್ಲ ಕಣೇ. ನನಗೋಸ್ಕರ. ಅಮ್ಮ ಹೋದ ಮೇಲೆ ಈ ಮನೇಲಿ ನಾವಿಬ್ಬರೇ ಇದೀವಿ. ಬಾಗಿಲು ತೆರೆದು ಎಲ್ಲಿಗೆ ಹೋದೆ ಅಂತ ನನಗೂ ಗೊತ್ತಾಗಬೇಡ್ವಾ? ಹೇಳು.

ಹೇಳು ಪುಟ್ಟಿ...

ಹೇಳಲ್ವಾ? ಯಾಕೆ?... ಓ. ಹೇಳಿದ್ರೆ ನಾಳೆ ಹತ್ತು ಗಂಟೆಗೆ ಅಲ್ಲಿ ಕೂತು ಅದನ್ನೂ ನನ್ನದೇ ಅಂತೀನಿ ಅಂತಾನಾ? ಅಕ್ಕನ ಬಗ್ಗೆ ಹೀಗಾ ಯೋಚನೆ ಮಾಡೋದು? ಒಡಹುಟ್ಟಿದವಳ ಬಗ್ಗೆ? ನಾನು... ನಾನು ಹಾಗೆ...

ಅಂತಿದ್ದೆ ಕಣೇ. ನೀನು ಹೇಳಿದ್ದಿದ್ರೆ, ನನ್ನದೇ ಅಂತಿದ್ದೆ.