ನೇರಳೆ ಬೀಜದ ಶಾಂಭವಿ ಮೇಡಂ

ಸಭೆಗೆ ಬಂದಿರುವ ಹಿರಿಯರಿಗೆ, ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ. ಮುಂದೆ ಕುಳಿತಿರುವ ಮೇಡಂ ಅವರ ಪತಿ ವೀರೇಶ್ ಅವರೇ, ಮಗಳು ಕಾವ್ಯಾ — ನಿಮ್ಮ ದುಃಖದಲ್ಲಿ ಈ ಕಾಲೇಜಿನ ಎಲ್ಲರೂ ಇದ್ದೇವೆ.

ಶಾಂಭವಿ ಮೇಡಂ ಇಲ್ಲಿ ಜೀವರಸಾಯನಶಾಸ್ತ್ರ ಕಲಿಸಿದರು. ನಾನು ಪಕ್ಕದ ಸಸ್ಯಶಾಸ್ತ್ರ ವಿಭಾಗದವನು. ಅದಿರಿನ ಲಾರಿಗಳು ಹೆಚ್ಚಾದ ಈ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ಕಡೆ ಕೈಗೆ ದುಡ್ಡು ಬಂತು, ನಡೆಯುವುದು ನಿಂತಿತು. ಹೊಟ್ಟೆ ಬಂತು, ಹಿಂದೆಯೇ ಸಕ್ಕರೆ ಕಾಯಿಲೆ ಬಂತು. ಮೇಡಂ ಅದನ್ನು ನೋಡಿಯೇ ನೇರಳೆ ಬೀಜದ ಕೆಲಸ ಹಿಡಿದದ್ದು.

ಅವರ ಪ್ರಯೋಗವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಎರಡು ಗಾಜಿನ ನಳಿಕೆ — ಹೀಗೆ ಹಿಡಿಯುತ್ತಿದ್ದರು. ಎರಡರಲ್ಲೂ ಅನ್ನದ ಗಂಜಿ, ಚೂರು ಜೊಲ್ಲು. ಜೊಲ್ಲಿನ ಕಿಣ್ವ ಗಂಜಿಯ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಒಂದಕ್ಕೆ ಮಾತ್ರ ನೇರಳೆ ಬೀಜದ ಸಾರ. ಸ್ವಲ್ಪ ಹೊತ್ತು ಬಿಟ್ಟು ಅಯೋಡಿನ್ ಹನಿ ಹಾಕಿದರೆ — ಇದರಲ್ಲಿ ನೀಲಿ ಇಲ್ಲ, ಬೀಜದ ಸಾರ ಇದ್ದ ಅದರಲ್ಲಿ ಕಡುನೀಲಿ. ಅಂದರೆ ಅಲ್ಲಿ ಪಿಷ್ಟ ಉಳಿದಿದೆ, ಬೀಜ ಕಿಣ್ವವನ್ನು ತಡೆದಿದೆ.

ಆ ನೀಲಿ ನೋಡಿದವರಲ್ಲಿ ಸಕ್ಕರೆ ಕಾಯಿಲೆ ಇದ್ದ ಯಶವಂತನಗರದ ಲಾರಿ ಮಾಲೀಕ ಸುಂಕಪ್ಪನವರೂ ಒಬ್ಬರು. ಕೆಲವು ತಿಂಗಳಾದ ಮೇಲೆ ಕಾಲೇಜಿಗೆ ಬಂದರು — ಭಾರಿ ಖುಷಿಯಲ್ಲಿ.

"ಮೇಡಂ, ಮಾತ್ರಿ ಬಿಟ್ಟೀನ್ರಿ. ಬೀಜದ ಪುಡಿನ ತಗೊಂತೀನಿ. ಒಂದು ಫ್ಯಾಕ್ಟರಿ ಹಾಕೂಣ್ರಿ, ಪ್ಯಾಕೆಟ್ ಮ್ಯಾಲೆ ನಿಮ್ಮ ಫೋಟೋ."

ಮೇಡಂ ಕಣ್ಣು ಅವರ ಕಾಲಿಗೆ ಸುತ್ತಿದ್ದ ಬಟ್ಟೆಯ ಮೇಲಿತ್ತು. "ಅದೇನ್ರಿ?"

"ಕಲ್ಲು ಚುಚ್ಚಿತ್ರಿ. ನೋವೇನಿಲ್ಲ."

"ಸಕ್ರಿ ಇದ್ದವರಿಗೆ ಗಾಯ ಆಗಿ ನೋವಿಲ್ಲ ಅಂದ್ರ ಅದ ಅಂಜಿಕಿ. ಏಳ್ರಿ, ಜಲ್ದಿ."

ತರಗತಿಯನ್ನು ನನಗೊಪ್ಪಿಸಿ, ಸುಂಕಪ್ಪನವರನ್ನು ಅವರದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಒಂದು ಕಾಲ್ಬೆರಳು ತೆಗೆದರು, ಕಾಲು ಉಳಿಸಿದರು. ಸಂಜೆ ನಾನು ಹೋದಾಗ ಮೇಡಂ ಹಾಸಿಗೆಯ ಪಕ್ಕದಲ್ಲಿದ್ದರು.

"ಸುಂಕಪ್ಪಾರ, ನಾ ತೋರಿಸಿದ್ದು ಗಾಜಿನ ನಳಿಕಿ. ನಿಮ್ಮ ಹೊಟ್ಟಿ ಗಾಜಿಂದಲ್ಲ. ಇನ್ಮ್ಯಾಲೆ ಮಾತ್ರಿ ಬಿಡಬ್ಯಾಡ್ರಿ."

ಅಂದಿನಿಂದ ಪ್ರತಿ ಪ್ರಯೋಗದ ಕೊನೆಗೂ ಈ ಮಾತು ಹೇಳಿದರು. ಬೇಸರಪಟ್ಟು ಎದ್ದು ಹೋದವರಿದ್ದರು. ಮೇಡಂ ಹೇಳುವುದನ್ನು ಬಿಡಲಿಲ್ಲ.

ಹೋದ ತಿಂಗಳು, ಇಲಿಗಳಿಗೆ ಬೀಜದ ಸಾರ ಕೊಟ್ಟು ಮಾಡಿದ್ದ ಪ್ರಯೋಗದ ಫಲಿತಾಂಶ ಬಂತು. ಊಟದ ನಂತರ ಏರುವ ಸಕ್ಕರೆ ತಗ್ಗಿತ್ತು — ಆದರೆ ಸ್ವಲ್ಪವೇ. ನನ್ನ ಮುಖ ಸಪ್ಪಗಾಯಿತು. ಅವರು ನಕ್ಕರು.

"ಸ್ವಲ್ಪಾದ್ರೂ ಖರೇ ಐತಲ್ರಿ. ನನಗ ಇಷ್ಟು ಸಾಕು. ಮುಂದಿಂದು ಮುಂದಿನವರು ಮಾಡ್ತಾರ."

ಅವತ್ತು ಇಡೀ ವಿಭಾಗಕ್ಕೆ ಮಂಡಕ್ಕಿ, ಮಿರ್ಚಿ ಕೊಡಿಸಿದರು. ಅಷ್ಟು ನೆಮ್ಮದಿಯ ಮುಖ — ಅದೇ ನನ್ನ ಕಣ್ಣಲ್ಲಿ ಉಳಿದಿದೆ.

ಒಂದು ವಿನಂತಿ. ಹೋಗುವಾಗ ಬಾಗಿಲ ಬಳಿ ನರ್ಸ್ ಚೆನ್ನಬಸಮ್ಮ ರಕ್ತದ ಸಕ್ಕರೆ ನೋಡಲು ಕುಳಿತಿರುತ್ತಾರೆ. ಕಾವ್ಯಾ ಹೇಳಿದಳು, "ಹಾರಕ್ಕಿಂತ ಅಮ್ಮಗ ಇದ ಸೇರ್ತಿತ್ತು" ಅಂತ. ಬೆರಳು ಕೊಟ್ಟು ಹೋಗಿ. ಸುಂಕಪ್ಪನವರು ಬರುತ್ತಲೇ ಕೊಟ್ಟಾಗಿದೆ.

ಈಗ ದಯವಿಟ್ಟು ಎಲ್ಲರೂ ಏಳೋಣ. ಮೇಡಂ ನೆನಪಿನಲ್ಲಿ ಒಂದು ನಿಮಿಷ — ಮಾತಿಲ್ಲದೆ ನಿಲ್ಲೋಣ.